ಲಾಭಾಂಶ ಹಂಚಿದರೆ ಷೇರುದಾರನಿಗೆ ನಿಜವಾಗಿ ಸಿಗುವುದೆಷ್ಟು?

ಕಂಪನಿಯೊಂದು ‘ಶೇಕಡಾ 200 ಲಾಭಾಂಶ’ ಘೋಷಿಸಿದೆ ಎಂಬ ಸುದ್ದಿಯನ್ನು ವಾಣಿಜ್ಯ ಪುಟದಲ್ಲಿ ಓದಿದಾಗ, ಷೇರು ವ್ಯವಹಾರವನ್ನು ಹೊಸದಾಗಿ ಕಲಿಯುತ್ತಿರುವವರ ಕಿವಿ ನೆಟ್ಟಗಾಗುವುದು ಸಹಜ. ಬ್ಯಾಂಕಿನ ಠೇವಣಿಗೆ ಆರೋ ಏಳೋ ಶೇಕಡಾ ಬಡ್ಡಿ. ಇಲ್ಲಿ ನೋಡಿದರೆ ಇನ್ನೂರು! ನಿವೃತ್ತಿಯಾಗಿ ಗ್ರಾಚ್ಯುಟಿ, ಭವಿಷ್ಯನಿಧಿಯ ಹಣ ಕೈಗೆ ಬಂದ ಹೊತ್ತಿನಲ್ಲಿ ‘ಲಾಭಾಂಶ ಚೆನ್ನಾಗಿ ಕೊಡುವ ಕಂಪನಿ ಯಾವುದು?’ ಎಂದು ಕೇಳುವವರು ಬಹಳ. ಆ ಪ್ರಶ್ನೆ ತಪ್ಪಲ್ಲ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಕಂಪನಿ ಲಾಭವನ್ನು ಹಂಚಿದರೆ ಒಳ್ಳೆಯದೋ, ತನ್ನಲ್ಲೇ ಉಳಿಸಿಕೊಂಡರೆ ಒಳ್ಳೆಯದೋ? ಷೇರುದಾರನ ಒಟ್ಟು ಪ್ರತಿಫಲ ಯಾವುದರಿಂದ ಹೆಚ್ಚುತ್ತದೆ? ಪರದೆಯ ಮೇಲಿನ ಮಾತುಕತೆಯಲ್ಲಿ ಅಂಕಿಗಳು ಬಂದ ವೇಗದಲ್ಲೇ ಮರೆಯಾಗುತ್ತವೆ. ಕಾಗದದ ಮೇಲೆ ನಿಧಾನವಾಗಿ ಲೆಕ್ಕ ಹಾಕಿ ನೋಡೋಣ.

ಮೊದಲು ಆ ‘ಶೇಕಡಾ 200’ರ ಕಥೆ. ನಮ್ಮ ದೇಶದಲ್ಲಿ ಲಾಭಾಂಶದ ಶೇಕಡಾವಾರನ್ನು ಷೇರಿನ ಮುಖಬೆಲೆಯ ಮೇಲೆ ಹೇಳುವ ಹಳೆಯ ವಾಡಿಕೆಯಿದೆ. ಮುಖಬೆಲೆ 2 ರೂಪಾಯಿ ಇದ್ದರೆ ಶೇಕಡಾ 200 ಎಂದರೆ ಷೇರೊಂದಕ್ಕೆ 4 ರೂಪಾಯಿ. ಆ ಷೇರನ್ನು ನೀವು ಪೇಟೆಯಲ್ಲಿ 400 ರೂಪಾಯಿ ಕೊಟ್ಟು ಕೊಂಡಿದ್ದರೆ ನಿಮ್ಮ ಹಣಕ್ಕೆ ಸಿಕ್ಕಿದ್ದು ನೂರಕ್ಕೆ ಒಂದು ರೂಪಾಯಿ. ಈ ಎರಡನೆಯ ಲೆಕ್ಕಕ್ಕೆ ಲಾಭಾಂಶದ ಇಳುವರಿ ಎನ್ನುತ್ತಾರೆ. ಹೂಡಿಕೆದಾರನಿಗೆ ಬೇಕಾದದ್ದು ಇದೇ. ಮೊದಲನೆಯದು ಸುದ್ದಿಯ ತಲೆಬರಹಕ್ಕೆ ಮಾತ್ರ ಉಪಯೋಗ.

ನಮ್ಮ ಬೆಂಗಳೂರಿನ ಇನ್ಫೋಸಿಸ್ 2004ರ ಏಪ್ರಿಲ್‌ನಲ್ಲಿ, ವಾರ್ಷಿಕ ವರಮಾನ ನೂರು ಕೋಟಿ ಡಾಲರ್ ದಾಟಿದ ಸಂತೋಷಕ್ಕೆ, ಷೇರಿಗೆ 100 ರೂಪಾಯಿಯ ವಿಶೇಷ ಲಾಭಾಂಶ ಘೋಷಿಸಿತು. ಆಗ ಅದರ ಮುಖಬೆಲೆ 5 ರೂಪಾಯಿ. ಹಳೆಯ ಲೆಕ್ಕದಲ್ಲಿ ಇದು ಶೇಕಡಾ 2000! ಆದರೆ ಪೇಟೆಯಲ್ಲಿ ಷೇರಿನ ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ಇಳುವರಿ ನೂರಕ್ಕೆ ಎರಡು. ಎರಡೂ ಅಂಕಿ ಸತ್ಯವೇ, ಆದರೆ ಮನೆ ಖರ್ಚಿಗೆ ಬರುವುದು ಎರಡನೆಯದು.

ಕೊಟ್ಟ ದಿನ ಏನಾಗುತ್ತದೆ?

ಲಾಭಾಂಶ ಕಂಪನಿಯ ಖಜಾನೆಯಿಂದ ಹೊರಗೆ ಹೋಗುವ ನಗದು. 500 ರೂಪಾಯಿ ಬೆಲೆಯ ಷೇರಿಗೆ 20 ರೂಪಾಯಿ ಲಾಭಾಂಶ ಕೊಟ್ಟರೆ ಕಂಪನಿಯೊಳಗೆ ಷೇರೊಂದರ ಪಾಲಿಗೆ 20 ರೂಪಾಯಿ ಕಡಿಮೆಯಾಯಿತು. ಆದ್ದರಿಂದ ಲಾಭಾಂಶದ ಹಕ್ಕು ಕಳಚಿಹೋಗುವ ದಿನ, ಬೇರೆ ಯಾವ ಸುದ್ದಿಯೂ ಇಲ್ಲದಿದ್ದರೆ, ಷೇರು 480ರ ಹತ್ತಿರ ವ್ಯವಹಾರ ಆರಂಭಿಸುತ್ತದೆ. ನಿಮ್ಮ ಬಳಿ 480ರ ಷೇರು, 20ರ ನಗದು. ಒಟ್ಟು ಅದೇ 500. ಎಡಗಿಸೆಯಿಂದ ಬಲಗಿಸೆಗೆ ಹಣ ಬಂದಂತೆ.

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ 2004ರ ನವೆಂಬರ್‌ನಲ್ಲಿ ಷೇರಿಗೆ 3 ಡಾಲರ್ ವಿಶೇಷ ಲಾಭಾಂಶ ಕೊಟ್ಟಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಸುಮಾರು 30 ಡಾಲರ್ ಇದ್ದ ಷೇರು ಹಕ್ಕು ಕಳಚಿದ ದಿನ 27 ಡಾಲರ್ ಚಿಲ್ಲರೆಗೆ ಇಳಿಯಿತು. ಕಂಪನಿಯಲ್ಲಿ ಏನೂ ಕೆಟ್ಟದ್ದು ನಡೆದಿರಲಿಲ್ಲ. ಆದ್ದರಿಂದ ‘ಲಾಭಾಂಶದ ಹಿಂದಿನ ದಿನ ಕೊಂಡು ಮರುದಿನ ಮಾರಿದರೆ ಸುಲಭ ಲಾಭ’ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಭಾರತದಲ್ಲಿ 2023ರ ಜನವರಿಯಿಂದ ಷೇರು ವಹಿವಾಟು ಮರುದಿನವೇ ಚುಕ್ತಾ ಆಗುತ್ತಿರುವುದರಿಂದ ಕಂಪನಿ ಗೊತ್ತುಪಡಿಸಿದ ದಾಖಲೆ ದಿನವೂ ಹಕ್ಕು ಕಳಚುವ ದಿನವೂ ಸಾಮಾನ್ಯವಾಗಿ ಒಂದೇ. ಆ ದಿನ ಕೊಂಡವರಿಗೆ ಲಾಭಾಂಶ ಇಲ್ಲ. ಅದರ ಹಿಂದಿನ ವ್ಯವಹಾರದ ದಿನವೇ ಕೊಂಡಿರಬೇಕು.

ಬೆಲೆ ಕರಾರುವಾಕ್ಕಾಗಿ ಅಷ್ಟೇ ಇಳಿಯುತ್ತದೆಯೇ? ಇಲ್ಲ. ಎಲ್ಟನ್ ಮತ್ತು ಗ್ರೂಬರ್ ಎಂಬ ಇಬ್ಬರು ವಿದ್ವಾಂಸರು 1970ರಲ್ಲಿ ಅಮೆರಿಕದ ಷೇರುಗಳನ್ನು ಪರಿಶೀಲಿಸಿದಾಗ, ಸರಾಸರಿ ಇಳಿಕೆ ಲಾಭಾಂಶದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಎಂದು ಕಂಡುಬಂತು. ಲಾಭಾಂಶದ ಮೇಲೆ ತೆರಿಗೆ ಹೆಚ್ಚು, ಬೆಲೆ ಏರಿಕೆಯ ಲಾಭದ ಮೇಲೆ ಕಡಿಮೆ ಇದ್ದುದೇ ಕಾರಣವೆಂದು ಅವರ ವಾದ. ಕೈಗೆ ಬಂದ ಒಂದು ಡಾಲರ್ ಲಾಭಾಂಶಕ್ಕೆ ತೆರಿಗೆ ಕಳೆದ ಮೇಲೆ ಒಂದು ಡಾಲರಿನ ಬೆಲೆ ಇರಲಿಲ್ಲ. ತೆರಿಗೆಯ ವಿಷಯಕ್ಕೆ ಮುಂದೆ ಬರೋಣ.

ಇನ್ನು ಒಂದು ಹೆಜ್ಜೆ ಮುಂದೆ ಹೋದವರು ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ. ಇಬ್ಬರಿಗೂ ಮುಂದೆ ಬೇರೆ ಬೇರೆ ವರ್ಷಗಳಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 1961ರ ಲೇಖನದಲ್ಲಿ ಅವರು ಹೇಳಿದ್ದು ಇಷ್ಟು: ತೆರಿಗೆ ಇಲ್ಲ, ದಲ್ಲಾಳಿ ಖರ್ಚಿಲ್ಲ, ಕಂಪನಿಯ ಬಗ್ಗೆ ಎಲ್ಲರಿಗೂ ಒಂದೇ ಮಾಹಿತಿ ಇದೆ, ಕಂಪನಿ ಯಾವ ಯಾವ ಉದ್ಯಮದಲ್ಲಿ ಹಣ ಹಾಕಬೇಕೆಂಬುದು ಮೊದಲೇ ನಿಶ್ಚಯವಾಗಿದೆ ಎಂದು ಭಾವಿಸಿದರೆ, ಲಾಭಾಂಶ ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ಷೇರುದಾರನ ಸಂಪತ್ತಿನಲ್ಲಿ ವ್ಯತ್ಯಾಸವಿಲ್ಲ. ನಗದು ಬೇಕಾದವನು ನಾಲ್ಕು ಷೇರು ಮಾರಿ ತನ್ನ ಲಾಭಾಂಶವನ್ನು ತಾನೇ ಮಾಡಿಕೊಳ್ಳಬಹುದು. ಬೇಡವಾದವನು ಬಂದ ಲಾಭಾಂಶದಿಂದ ಮತ್ತೆ ಷೇರು ಕೊಳ್ಳಬಹುದು. ಸಂಪತ್ತನ್ನು ಹುಟ್ಟಿಸುವುದು ಕಂಪನಿಯ ದುಡಿಮೆ, ಹಂಚಿಕೆಯಲ್ಲ.

ಇದು ಪುಸ್ತಕದ ಲೋಕ, ನಮ್ಮ ಲೋಕ ಹಾಗಿಲ್ಲ ಎಂದು ನೀವು ಹೇಳಬಹುದು. ಸರಿಯೇ. ಆದರೆ ಈ ಸಿದ್ಧಾಂತದ ಉಪಯೋಗ ಅಲ್ಲೇ ಇದೆ. ಲಾಭಾಂಶ ಷೇರಿನ ಪ್ರತಿಫಲದ ಮೇಲೆ ಪರಿಣಾಮ ಬೀರುತ್ತದೆ ಎಂದಾದರೆ, ಅದಕ್ಕೆ ಕಾರಣ ಈ ಭಾವನೆಗಳಲ್ಲಿ ಯಾವುದೋ ಒಂದು ನಿಜವಾಗದಿರುವುದೇ. ಒಂದೊಂದಾಗಿ ಹುಡುಕಿದರೆ ಮೂರು ದಾರಿ ಸಿಗುತ್ತವೆ: ಉಳಿಸಿಕೊಂಡ ಹಣದ ಬಳಕೆ, ಲಾಭಾಂಶದೊಳಗಿನ ಸುದ್ದಿ, ಮತ್ತು ತೆರಿಗೆ.

ಉಳಿಸಿಕೊಂಡ ಹಣ ಎಲ್ಲಿಗೆ ಹೋಯಿತು?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹೈನು ಕಟ್ಟಿದವರಿಗೆ ಗೊತ್ತು: ಹಾಲನ್ನೆಲ್ಲ ಕರೆದು ಡೈರಿಗೆ ಹಾಕಿದರೆ ಕೈಗೆ ದುಡ್ಡು ಬರುತ್ತದೆ, ಕರು ಬಡವಾಗುತ್ತದೆ. ಕರುವಿಗೆ ಬಿಟ್ಟರೆ ಮೂರು ವರ್ಷಕ್ಕೆ ಕೊಟ್ಟಿಗೆಯಲ್ಲಿ ಇನ್ನೊಂದು ಹಸು. ಆದರೆ ಕರು ಚೆನ್ನಾಗಿ ಬೆಳೆಯುವ ಜಾತಿಯದಾಗಿರಬೇಕು.

ಒಂದು ಕಂಪನಿ ಷೇರಿಗೆ 50 ರೂಪಾಯಿ ಲಾಭ ಗಳಿಸಿತೆನ್ನಿ. ಅದನ್ನು ಉಳಿಸಿಕೊಂಡು ಹೊಸ ಕಾರ್ಖಾನೆಗೆ ಹಾಕಿ ವರ್ಷಕ್ಕೆ ಶೇಕಡಾ 20ರಂತೆ ದುಡಿಸಬಲ್ಲದಾದರೆ ಮುಂದಿನ ವರ್ಷದಿಂದ 10 ರೂಪಾಯಿ ಹೆಚ್ಚುವರಿ ಲಾಭ. ಅದೇ 50 ರೂಪಾಯಿಯನ್ನು ನಿಮಗೆ ಕೊಟ್ಟು ನೀವು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ಮೂರೂವರೆ ರೂಪಾಯಿ. ಇಲ್ಲಿ ಲಾಭಾಂಶ ಕೇಳುವುದು ಷೇರುದಾರನಿಗೇ ನಷ್ಟ. ಆದರೆ ಕಂಪನಿಗೆ ಹೊಸ ಉದ್ಯಮ ಯಾವುದೂ ಸಿಗದೆ ಆ ಹಣವನ್ನು ಶೇಕಡಾ 5ಕ್ಕೆ ಸುಮ್ಮನೆ ಇಟ್ಟುಕೊಂಡರೆ, ಅಥವಾ ತನಗೆ ಪರಿಚಯವೇ ಇಲ್ಲದ ವ್ಯಾಪಾರಕ್ಕೆ ಕೈ ಹಾಕಿ ಕಳೆದರೆ, ಆಗ ಲಾಭಾಂಶ ಕೊಡದಿರುವುದೇ ಅಪರಾಧ. ಕೈಯಲ್ಲಿ ಹೆಚ್ಚು ನಗದು ಇರುವ ಆಡಳಿತ ಮಂಡಳಿಗಳು ಬೇಡದ ಖರೀದಿಗಳಿಗೆ ಇಳಿಯುತ್ತವೆ ಎಂದು ಮೈಕೆಲ್ ಜೆನ್ಸೆನ್ 1986ರಲ್ಲಿ ವಾದಿಸಿದರು. ಲಾಭಾಂಶವೆಂದರೆ ಆ ಕೈಗೆ ಹಾಕುವ ಕಡಿವಾಣ.

ಉಳಿಸಿಕೊಂಡದ್ದು ಸಾರ್ಥಕವಾದ ಉದಾಹರಣೆಗೆ ಮತ್ತೆ ಇನ್ಫೋಸಿಸ್ ಬೇಕು. 1993ರಲ್ಲಿ ಅದು ಸಾರ್ವಜನಿಕರಿಗೆ ಷೇರು ಕೊಟ್ಟ ಬೆಲೆ 95 ರೂಪಾಯಿ. ನೂರು ಷೇರಿಗೆ 9,500. ಮೊದಲ ವರ್ಷಗಳಲ್ಲಿ ಲಾಭದ ಚಿಕ್ಕ ಪಾಲನ್ನು ಮಾತ್ರ ಹಂಚಿ, ಉಳಿದದ್ದನ್ನು ವ್ಯವಹಾರ ಬೆಳೆಸಲು ಹಾಕಿತು. ಬೋನಸ್ ಮತ್ತು ಮುಖಬೆಲೆಯ ವಿಭಜನೆಗಳಿಂದ ಆ ನೂರು ಷೇರು 2018ರ ಹೊತ್ತಿಗೆ 1,02,400 ಆದವು. 2024-25ರ ಸಾಲಿಗೆ ಕಂಪನಿ ಷೇರಿಗೆ 43 ರೂಪಾಯಿ ಲಾಭಾಂಶ ಕೊಟ್ಟಿತು. ಗುಣಿಸಿ ನೋಡಿ: ಒಂದೇ ವರ್ಷಕ್ಕೆ 44 ಲಕ್ಷ ರೂಪಾಯಿ! ಮೊದಲಲ್ಲೇ ಎಲ್ಲವನ್ನೂ ಹಂಚಿಬಿಟ್ಟಿದ್ದರೆ ಈ ಲಾಭಾಂಶ ಹುಟ್ಟುತ್ತಲೇ ಇರಲಿಲ್ಲ. (ಬೋನಸ್ ಷೇರು ತನ್ನಷ್ಟಕ್ಕೆ ಸಂಪತ್ತನ್ನು ಸೃಷ್ಟಿಸುವುದಿಲ್ಲ, ಒಂದು ರೊಟ್ಟಿಯನ್ನು ಎರಡು ಚೂರು ಮಾಡಿದಂತೆ. ರೊಟ್ಟಿ ದೊಡ್ಡದಾದದ್ದು ದುಡಿಮೆಯಿಂದ.) ಅದೇ ತೊಂಬತ್ತರ ದಶಕದಲ್ಲಿ ‘ಲಾಭವನ್ನು ಬೆಳವಣಿಗೆಗೆ ಬಳಸುತ್ತೇವೆ’ ಎಂದು ಜನರಿಂದ ಹಣ ಎತ್ತಿ ವಿಳಾಸವೇ ಇಲ್ಲದಂತೆ ಮಾಯವಾದ ಕಂಪನಿಗಳೂ ಬಹಳ ಇದ್ದವು ಎಂಬುದನ್ನು ಮರೆಯಬಾರದು. ಗೆದ್ದ ಒಂದನ್ನು ಹಿಂದಿನಿಂದ ನೋಡಿ ಆರಿಸುವುದು ಸುಲಭ.

ಬೆಳೆದ ಮೇಲೆ ಇನ್ಫೋಸಿಸ್‌ನ ಧೋರಣೆಯೂ ಬದಲಾಯಿತು. ಇಷ್ಟು ದೊಡ್ಡ ಸಂಸ್ಥೆಗೆ ಹಿಂದಿನ ವೇಗದಲ್ಲಿ ಹೊಸ ಹಣ ಬೇಕಾಗುವುದಿಲ್ಲ. ಐದು ವರ್ಷಗಳ ಅವಧಿಯಲ್ಲಿ, ಖರ್ಚು ಮತ್ತು ಬಂಡವಾಳ ವೆಚ್ಚ ಕಳೆದು ಉಳಿಯುವ ನಗದಿನಲ್ಲಿ ಸುಮಾರು ಶೇಕಡಾ 85ನ್ನು ಲಾಭಾಂಶ ಮತ್ತು ಷೇರು ಮರುಖರೀದಿಯ ಮೂಲಕ ಹಿಂದಿರುಗಿಸುವುದಾಗಿ ಅದು ಪ್ರಕಟಿಸಿದೆ. ಕರು ಬೆಳೆದು ಹಸುವಾದ ಮೇಲೆ ಹಾಲು ಕರೆಯುವುದು ನ್ಯಾಯವೇ.

ಲಾಭಾಂಶ ಹೇಳುವ ಸುದ್ದಿ

ಹಾರ್ವರ್ಡ್‌ನ ಜಾನ್ ಲಿಂಟ್ನರ್ 1956ರಲ್ಲಿ 28 ಕಂಪನಿಗಳ ಆಡಳಿತಗಾರರನ್ನು ಮಾತನಾಡಿಸಿ ಒಂದು ಸ್ವಾರಸ್ಯದ ವಿಷಯ ಕಂಡುಕೊಂಡರು. ಅವರು ಪ್ರತಿವರ್ಷ ಲಾಭಕ್ಕೆ ತಕ್ಕಂತೆ ಲಾಭಾಂಶವನ್ನು ಏರಿಳಿಸುವುದಿಲ್ಲ. ಕಳೆದ ವರ್ಷ ಎಷ್ಟು ಕೊಟ್ಟೆವು ಎಂಬಲ್ಲಿಂದ ಆರಂಭಿಸುತ್ತಾರೆ. ಹೆಚ್ಚಿಸಿದರೆ ಮುಂದೆಯೂ ಅಷ್ಟು ಕೊಡಬಲ್ಲೆವು ಎಂಬ ಧೈರ್ಯ ಬಂದ ಮೇಲಷ್ಟೇ ಹೆಚ್ಚಿಸುತ್ತಾರೆ. ತಗ್ಗಿಸುವುದಕ್ಕೆ ಮಾತ್ರ ಬಹಳ ಅಂಜುತ್ತಾರೆ. ಹೀಗಾಗಿ ಲಾಭಾಂಶದ ಏರಿಕೆ-ಇಳಿಕೆ ಬರೀ ನಗದಲ್ಲ, ಒಳಗಿನವರ ಅಭಿಪ್ರಾಯ. ಪೇಟೆ ಅದನ್ನು ಹಾಗೆಯೇ ಓದುತ್ತದೆ. ನಿರೀಕ್ಷೆಗಿಂತ ಹೆಚ್ಚು ಕೊಟ್ಟರೆ ಬೆಲೆ ಏರುವುದು, ನಿಲ್ಲಿಸಿದರೆ ಕುಸಿಯುವುದು ಇದರಿಂದಲೇ.

ನ್ಯೂಯಾರ್ಕ್ ನಗರಕ್ಕೆ ವಿದ್ಯುತ್ ಒದಗಿಸುವ ಕನ್ಸಾಲಿಡೇಟೆಡ್ ಎಡಿಸನ್ ಕಂಪನಿ 1885ರಿಂದ ತಪ್ಪದೆ ಲಾಭಾಂಶ ಕೊಡುತ್ತ ಬಂದಿತ್ತು. ತೈಲ ಬಿಕ್ಕಟ್ಟಿನ ಪೆಟ್ಟಿಗೆ 1974ರ ಏಪ್ರಿಲ್‌ನಲ್ಲಿ ಒಂದು ತ್ರೈಮಾಸಿಕದ ಲಾಭಾಂಶವನ್ನು ಕೈಬಿಟ್ಟಿತು. ಒಂದೇ ದಿನದಲ್ಲಿ ಷೇರು ಸುಮಾರು ಮೂರನೇ ಒಂದು ಭಾಗ ಬಿತ್ತು. ಲೆಕ್ಕದ ಪ್ರಕಾರ ಕಂಪನಿಯೊಳಗೆ ಉಳಿದ ನಗದು ಹೆಚ್ಚಾಗಿತ್ತು! ಆದರೆ ಆ ಷೇರಿನ ಮೇಲೆ ಬದುಕು ನಡೆಸುತ್ತಿದ್ದ ವಯಸ್ಸಾದವರು ಅಸಂಖ್ಯ. ಅವರಿಗೆ ಅದು ತಿಂಗಳ ಅಕ್ಕಿ-ಬೇಳೆಯ ಪ್ರಶ್ನೆ.

ಇದಕ್ಕೆ ಎದುರಾಗಿ ನಮ್ಮಲ್ಲೇ ಒಂದು ಪ್ರಸಂಗ. ಕೋವಿಡ್ ಹರಡಿದ 2020ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, 2019-20ರ ಲಾಭದಿಂದ ಲಾಭಾಂಶ ಕೊಡಬೇಡಿ ಎಂದು ಬ್ಯಾಂಕುಗಳಿಗೆಲ್ಲ ಆದೇಶಿಸಿತು. ಆಗ ಸುಮಾರು 20 ಸಾವಿರದಲ್ಲಿದ್ದ ಬ್ಯಾಂಕ್ ನಿಫ್ಟಿ ಸೂಚ್ಯಂಕ 2021ರ ಮಾರ್ಚ್ ಕೊನೆಗೆ 33 ಸಾವಿರ ದಾಟಿತ್ತು. ಇಡೀ ಪೇಟೆಯೇ ಚೇತರಿಸಿಕೊಂಡ ಕಾಲ ಅದು. ಏರಿಕೆಗೆ ಕಾರಣಗಳು ಬೇರೆ. ಆದರೂ ಒಂದು ಮಾತು ಗಮನಿಸಬಹುದು. ಎಲ್ಲರಿಗೂ ಮೇಲಿನಿಂದ ಬಂದ ಆದೇಶದಲ್ಲಿ ಯಾವ ಒಂದು ಬ್ಯಾಂಕಿನ ಒಳಗುಟ್ಟೂ ಇರಲಿಲ್ಲ. ಸುದ್ದಿ ಇಲ್ಲದ ಕಡೆ ಲಾಭಾಂಶ ನಿಂತದ್ದೇ ದೊಡ್ಡ ಹೊಡೆತವಾಗುವುದಿಲ್ಲ.

ಹೆಚ್ಚು ಇಳುವರಿಯ ಆಕರ್ಷಣೆ

ಇಳುವರಿ ಎಂಬುದು ಭಾಗಾಕಾರ. ಮೇಲೆ ಲಾಭಾಂಶ, ಕೆಳಗೆ ಬೆಲೆ. ಲಾಭಾಂಶ ಹೆಚ್ಚಿದರೂ ಇಳುವರಿ ಏರುತ್ತದೆ, ಬೆಲೆ ಕುಸಿದರೂ ಏರುತ್ತದೆ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುವುದೇ ಅಪಾಯ.

ಕೋಲ್ ಇಂಡಿಯಾ 2010ರಲ್ಲಿ 245 ರೂಪಾಯಿಗೆ ಸಾರ್ವಜನಿಕರಿಗೆ ಷೇರು ಕೊಟ್ಟಿತು. ಲಾಭಾಂಶ ಧಾರಾಳ. 2014ರ ಜನವರಿಯಲ್ಲಂತೂ ಒಂದೇ ಬಾರಿಗೆ 29 ರೂಪಾಯಿ, ಅಂದರೆ ಆಗಿನ ಬೆಲೆಯ ಸುಮಾರು ಹತ್ತನೇ ಒಂದು ಭಾಗ. ದೊಡ್ಡ ಪಾಲು ಸರ್ಕಾರಕ್ಕೇ ಹೋಯಿತು, ಏಕೆಂದರೆ ಸುಮಾರು ಶೇಕಡಾ 90 ಷೇರು ಸರ್ಕಾರದ್ದಾಗಿತ್ತು. ಬೊಕ್ಕಸಕ್ಕೆ ಹಣ ಬೇಕಾದಾಗ ಸಾರ್ವಜನಿಕ ಉದ್ಯಮಗಳಿಂದ ಲಾಭಾಂಶ ಕೇಳುವುದು ಹಳೆಯ ರೂಢಿ. 2016ರಲ್ಲಿ ಅದಕ್ಕೆ ನಿಯಮವೂ ಬಂತು. ಹೀಗೆ ಹತ್ತು ವರ್ಷಗಳಲ್ಲಿ ಷೇರುದಾರನ ಕೈಗೆ ನೂರೈವತ್ತು ರೂಪಾಯಿಗಿಂತ ಹೆಚ್ಚು ಲಾಭಾಂಶ ಬಂತು. ಆದರೆ 2020ರಲ್ಲಿ ಷೇರಿನ ಬೆಲೆ ಕೊಂಡ ಬೆಲೆಯ ಅರ್ಧದ ಸುತ್ತಮುತ್ತ ಇತ್ತು. ಎರಡನ್ನೂ ಕೂಡಿದರೆ ಅಸಲು ಉಳಿದು ಸ್ವಲ್ಪ ಮೇಲೆ. ಅಷ್ಟೇ. ಅದೇ ಹತ್ತು ವರ್ಷ ಬ್ಯಾಂಕಿನಲ್ಲಿಟ್ಟ ಹಣ ದುಪ್ಪಟ್ಟಾಗುತ್ತಿತ್ತು. ‘ಪ್ರತಿವರ್ಷ ಚೆನ್ನಾಗಿ ಲಾಭಾಂಶ ಬರುತ್ತಿದೆ’ ಎಂದು ನೆಮ್ಮದಿಯಾಗಿದ್ದವರು ಈ ಕೂಡಿಕೆಯನ್ನು ಮಾಡಿರಲಿಕ್ಕಿಲ್ಲ. ಮುಂದೆ 2024ರಲ್ಲಿ ಅದೇ ಷೇರು 500 ದಾಟಿತು. ಕಲ್ಲಿದ್ದಲಿಗೆ ಬೇಡಿಕೆ ಮರಳಿತ್ತು, ಅಗ್ಗವಾಗಿದ್ದ ಷೇರಿಗೆ ಬೆಲೆ ಬಂತು. ಇಳಿದದ್ದೂ ಏರಿದ್ದೂ ಲಾಭಾಂಶದಿಂದಲ್ಲ.

ವೇದಾಂತ ಕಂಪನಿಯದು ಇನ್ನೊಂದು ಬಗೆ. 2022-23ರಲ್ಲಿ ಅದು ಕಂತುಕಂತಾಗಿ ಷೇರಿಗೆ ಒಟ್ಟು 101 ರೂಪಾಯಿ 50 ಪೈಸೆ ಕೊಟ್ಟಿತು. ವರ್ಷದ ಆರಂಭದಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ವರ್ಷಾಂತ್ಯಕ್ಕೆ 300ರ ಕೆಳಗೆ. ಲಂಡನ್‌ನಲ್ಲಿರುವ ಮಾತೃಸಂಸ್ಥೆಗೆ ಸಾಲ ತೀರಿಸಲು ಹಣ ಬೇಕಿದೆ ಎಂಬುದು ಪೇಟೆಗೆ ತಿಳಿದಿತ್ತು. ಇಂಥ ಲಾಭಾಂಶವನ್ನು ಮುಂದಿನ ವರ್ಷಕ್ಕೂ ಖಾತ್ರಿ ಎಂದು ಎಣಿಸುವುದು ವಿವೇಕವಲ್ಲ.

ಹೆಚ್ಚು ಇಳುವರಿಯ ಷೇರುಗಳು ದೀರ್ಘಾವಧಿಯಲ್ಲಿ ಹೆಚ್ಚು ಪ್ರತಿಫಲ ಕೊಡುತ್ತವೆಯೇ? ವಿದ್ವಾಂಸರಲ್ಲಿ ಒಮ್ಮತವಿಲ್ಲ. 1974ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಗಣನೀಯ ವ್ಯತ್ಯಾಸ ಕಾಣುವುದಿಲ್ಲ ಎಂದರು. 1979ರಲ್ಲಿ ಲಿಟ್ಜೆನ್‌ಬರ್ಗರ್ ಮತ್ತು ರಾಮಸ್ವಾಮಿ, ತೆರಿಗೆಯ ಹೊರೆ ಸರಿದೂಗಿಸಲು ಅಂಥ ಷೇರುಗಳು ತೆರಿಗೆಗೆ ಮುನ್ನ ಹೆಚ್ಚು ಗಳಿಸುತ್ತವೆ ಎಂದರು. ಅದೇ ಫಿಷರ್ ಬ್ಲ್ಯಾಕ್ 1976ರಲ್ಲಿ ಇಡೀ ವಿಷಯಕ್ಕೆ ‘ಲಾಭಾಂಶದ ಒಗಟು’ ಎಂದೇ ಹೆಸರಿಟ್ಟರು. ಆ ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ.

ತೆರಿಗೆಯ ಪಾಲು

1997ರಲ್ಲಿ ನಮ್ಮ ದೇಶದಲ್ಲಿ ಲಾಭಾಂಶ ವಿತರಣಾ ತೆರಿಗೆ ಬಂದ ಮೇಲೆ, ನಡುವೆ ಒಂದು ವರ್ಷ ಬಿಟ್ಟು, ಕಂಪನಿಯೇ ತೆರಿಗೆ ಕಟ್ಟಿ ಉಳಿದದ್ದನ್ನು ಹಂಚುತ್ತಿತ್ತು. ಷೇರುದಾರರು ಅದನ್ನು ‘ತೆರಿಗೆ ಇಲ್ಲದ ಹಣ’ ಎಂದುಕೊಂಡಿದ್ದರು. 2020ರ ಏಪ್ರಿಲ್ 1ರಿಂದ ಆ ಪದ್ಧತಿ ಹೋಗಿ, ಲಾಭಾಂಶ ಪಡೆದವರ ವರಮಾನಕ್ಕೆ ಸೇರಿ ಅವರವರ ದರದಲ್ಲಿ ತೆರಿಗೆ ಬೀಳುತ್ತದೆ. ಚಿಕ್ಕ ವರಮಾನದ ಪಿಂಚಣಿದಾರರಿಗೆ ಇದು ಅನುಕೂಲವೇ ಆಯಿತು. ಶೇಕಡಾ 30ರ ಮಟ್ಟದಲ್ಲಿರುವವರಿಗೆ ಭಾರ. ಅವರ ಲೆಕ್ಕ ನೋಡಿ: 20 ರೂಪಾಯಿ ಲಾಭಾಂಶದಲ್ಲಿ ಕನಿಷ್ಠ 6 ರೂಪಾಯಿ ತೆರಿಗೆ. ಅದೇ ಹಣ ಕಂಪನಿಯಲ್ಲೇ ಉಳಿದು ಬೆಲೆಯಲ್ಲಿ ಸೇರಿದ್ದರೆ, ವರ್ಷ ಮೀರಿ ಇಟ್ಟು ಮಾರಿದಾಗ 2024ರ ಜುಲೈನ ಬಜೆಟ್ ಗೊತ್ತುಮಾಡಿದ ದರ ಶೇಕಡಾ ಹನ್ನೆರಡೂವರೆ, ಅದೂ ವರ್ಷಕ್ಕೆ ಒಂದೂಕಾಲು ಲಕ್ಷದ ಲಾಭ ಮೀರಿದ ಮೇಲೆ. ಷೇರು ಮರುಖರೀದಿಯ ತೆರಿಗೆಯೂ ಹೀಗೇ ಬದಲಾಗುತ್ತ ಬಂದಿದೆ: 2019ರಲ್ಲಿ ಒಂದು ಬಗೆ, 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಬಗೆ. ಬಜೆಟ್ ಬಂದಾಗಲೆಲ್ಲ ಈ ಭಾಗವನ್ನು ಹೊಸದಾಗಿ ಕೇಳಿ ತಿಳಿದುಕೊಳ್ಳಬೇಕು.

ಮ್ಯೂಚುವಲ್ ಫಂಡುಗಳ ‘ಡಿವಿಡೆಂಡ್ ಯೋಜನೆ’ಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಕೊಡುತ್ತಿದ್ದುದು ಬಹುಮಟ್ಟಿಗೆ ಹೂಡಿಕೆದಾರನ ಹಣವನ್ನೇ. ಜನ ಅದನ್ನು ಹೆಚ್ಚುವರಿ ಗಳಿಕೆ ಎಂದು ತಿಳಿಯುತ್ತಿದ್ದುದರಿಂದ 2021ರ ಏಪ್ರಿಲ್‌ನಿಂದ ಸೆಬಿ ಆ ಹೆಸರನ್ನೇ ತೆಗೆಸಿ, ವರಮಾನ ಹಂಚಿಕೆ ಮತ್ತು ಬಂಡವಾಳ ಹಿಂಪಡೆತ ಎಂದು ಬರೆಯಿಸಿತು. ಹೆಸರು ಬದಲಿಸಿದ್ದು ಒಳ್ಳೆಯ ಕೆಲಸ.

ಹಾಗಾದರೆ ಷೇರು ಕೊಳ್ಳುವ ಮುನ್ನ ಏನು ನೋಡಬೇಕು? ದೊಡ್ಡ ಕಂಪನಿಗಳು ತಮ್ಮ ಲಾಭಾಂಶ ಧೋರಣೆಯನ್ನು ಬರೆದು ಪ್ರಕಟಿಸಬೇಕೆಂದು ಸೆಬಿ 2016ರಲ್ಲಿ ನಿಯಮ ಮಾಡಿತು. ಮೊದಲು ಐನೂರು ಕಂಪನಿಗಳಿಗೆ ಇದ್ದದ್ದು 2021ರಲ್ಲಿ ಸಾವಿರಕ್ಕೆ ವಿಸ್ತರಿಸಿತು. ಅದರ ಭಾಷೆ ವಕೀಲರ ನೋಟಿಸಿನಂತೆ ಒಣಕಲಾಗಿರುತ್ತದೆ, ಆದರೂ ಓದಿ. ಉಳಿಸಿಕೊಂಡ ಲಾಭವನ್ನು ಯಾವುದಕ್ಕೆ ಬಳಸುತ್ತೇವೆ ಎಂದು ಅಲ್ಲಿ ಹೇಳಿರಲೇಬೇಕು. ಅದರ ಪಕ್ಕದಲ್ಲಿ ಐದಾರು ವರ್ಷಗಳ ವಾರ್ಷಿಕ ವರದಿ ಇಟ್ಟುಕೊಂಡು, ಲಾಭದಲ್ಲಿ ಎಷ್ಟು ಪಾಲು ಹಂಚಿದರು, ಹಂಚಿದ್ದು ವ್ಯವಹಾರದ ನಗದಿನಿಂದಲೋ ಸಾಲದಿಂದಲೋ, ಉಳಿಸಿಕೊಂಡ ಹಣಕ್ಕೆ ತಕ್ಕಂತೆ ಲಾಭ ಬೆಳೆಯಿತೋ ಇಲ್ಲವೋ ಎಂದು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಪ್ರತಿಫಲ ಹೋಲಿಸುವಾಗಲೂ ಎಚ್ಚರ: ಸುದ್ದಿಯಲ್ಲಿ ಬರುವ ಸೆನ್ಸೆಕ್ಸ್, ನಿಫ್ಟಿ ಅಂಕಿಗಳಲ್ಲಿ ಲಾಭಾಂಶ ಸೇರಿರುವುದಿಲ್ಲ. ಸೇರಿಸಿದ ಒಟ್ಟು ಪ್ರತಿಫಲದ ಸೂಚ್ಯಂಕ ಬೇರೆಯೇ ಇದೆ. ಮ್ಯೂಚುವಲ್ ಫಂಡುಗಳು 2018ರ ಫೆಬ್ರುವರಿಯಿಂದ ಅದರೊಂದಿಗೇ ತಮ್ಮನ್ನು ಹೋಲಿಸಿ ತೋರಿಸಬೇಕು.

ಮನೆಯಲ್ಲಿ ಹಿರಿಯರ ಹೆಸರಿನ ಹಳೆಯ ಷೇರು ಪತ್ರಗಳಿದ್ದರೆ ಅವನ್ನೂ ಈ ವಾರ ಹೊರಗೆ ತೆಗೆಯಿರಿ. ಹಿಂದೆ ಲಾಭಾಂಶದ ವಾರಂಟ್ ಅಂಚೆಯಲ್ಲಿ ಬರುತ್ತಿತ್ತು. ವಿಳಾಸ ಬದಲಾಗಿ, ಬ್ಯಾಂಕ್ ಖಾತೆ ಮುಚ್ಚಿಹೋಗಿ ತಲಪದೆ ಉಳಿದದ್ದು ಎಷ್ಟೋ. ಏಳು ವರ್ಷ ಯಾರೂ ಪಡೆಯದ ಲಾಭಾಂಶ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಹೀಗಾದರೆ ಷೇರುಗಳೂ ಅದರ ಜೊತೆ ಹೋಗುತ್ತವೆ. ನಿಧಿಗೆ ಹೋದದ್ದನ್ನೂ ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು. ಫೋಲಿಯೊ ಸಂಖ್ಯೆ, ಮರಣ ಪ್ರಮಾಣಪತ್ರ, ವಾರಸಿಕೆಯ ಕಾಗದಗಳು ಬೇಕಾಗುತ್ತವೆ. ಮೊದಲ ಪತ್ರವನ್ನು ಕಂಪನಿಯ ಕಾರ್ಯದರ್ಶಿಗೆ ಬರೆಯಿರಿ.